ಒಂಬತ್ತನೇ ಗುಂಡಿಯ ಕರಿಬೇವು

ಎಂಥ ಗಂಭೀರ ಜಾಗದಲ್ಲಿ ಕೆಲಸಕ್ಕೆ ಸೇರಿದರೂ ನಗೆಪಾಟಲಿನ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ ಮಾರಾಯ್ರೆ. ಮಸ್ಕತ್ತಿನಲ್ಲಿ ನಾನು ಪಂಪು, ಪೈಪು ನೋಡಿಕೊಂಡದ್ದು ಒಂದು ಹಳೆಯ ಗಾಲ್ಫ್ ಮೈದಾನದಲ್ಲಿ. ಈಗ ಆ ಜಾಗವನ್ನು ಬಲದಿಯಾ, ಅಂದರೆ ನಗರಸಭೆಯವರು, ತೆಗೆದುಕೊಂಡು ಪಾರ್ಕ್ ಮಾಡಿದ್ದಾರೆ. ನನ್ನನ್ನೂ ಪಂಪಿನ ಜೊತೆಗೇ ಉಳಿಸಿಕೊಂಡಿದ್ದಾರೆ. ಮಕ್ಕಳು ಉಯ್ಯಾಲೆ ಆಡುವುದನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಹಳೆಯದು ನೆನಪಾಗಿ ಒಂಬತ್ತನೇ ಗುಂಡಿ ಇದ್ದ ಕಡೆಗೆ ಒಂದು ಸುತ್ತು ಹೋಗಿ ಬರುವುದೂ ಉಂಟು.

ಕಂಕುಳಲ್ಲಿ ಹುಲ್ಲು

ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಉಡುಪಿಯಿಂದ ಕರೆದುಕೊಂಡು ಬಂದೆ. ಗಾಲ್ಫ್ ಅಂದರೆ ಅವಳ ತಲೆಯಲ್ಲಿ ಇದ್ದದ್ದು ಟೀವಿಯಲ್ಲಿ ಕಾಣುವ ಹಸಿರು ಗುಡ್ಡ. ಚಂದದ ಸೀರೆ ಉಟ್ಟು ನೋಡಲು ಬಂದಳು. ನಮ್ಮದೋ, ಬರೀ ಮರಳು ಮತ್ತು ಜಲ್ಲಿ. ಚೆಂಡು ಬೀಳಿಸುವ ಗುಂಡಿಯ ಸುತ್ತ ಮಾತ್ರ ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ್ದರು. ಆಟಗಾರರು ಒಂದೊಂದು ತುಂಡು ಪ್ಲಾಸ್ಟಿಕ್ ಹುಲ್ಲನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದು, ಚೆಂಡು ಬಿದ್ದಲ್ಲಿ ಅದನ್ನು ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಿದ್ದರು.

ಇವಳು ಸುಮಾರು ಹೊತ್ತು ನೋಡಿದಳು. "ಊಟಕ್ಕೆ ಕರೆದವರ ಮನೆಗೆ ಬಾಳೆಎಲೆ ನಾವೇ ತಗೊಂಡು ಹೋದ ಹಾಗಾಯ್ತಲ್ಲ ಇದು!" ಅಂದಳು.

"ಇಲ್ಲಿಯ ಪದ್ಧತಿಯೇ ಹಾಗೆ" ಅಂದೆ ನಾನು.

"ಅದು ಇರಲಿ. ಹುಲ್ಲೇ ಇಲ್ಲದ ಮೇಲೆ ನೀವು ಇಷ್ಟು ದಿನ ನೀರು ಬಿಟ್ಟದ್ದು ಎಂತದಕ್ಕೆ?"

ಯಾರಿಗೆ ಅಂದಿದ್ದು?

ನನ್ನ ಕೈಕೆಳಗೆ ಬಾಗಲಕೋಟೆ ಕಡೆಯ ಪ್ಲಂಬರ್ ಒಬ್ಬರು ಬಂದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸಿಟ್ಟು. ಚೆಂಡು ಜನರ ಕಡೆ ಹಾರಿದರೆ ಆಟಗಾರರು "ಫೋರ್!" ಅಂತ ಕೂಗುವ ಕ್ರಮ. ಕೂಗು ಕೇಳಿದ ಕೂಡಲೇ ತಲೆ ಬಗ್ಗಿಸಬೇಕು. ಅದನ್ನು ಅವರಿಗೆ ಹೇಳಲು ನನಗೆ ಮರೆತೇ ಹೋಗಿತ್ತು.

ಮೊದಲ ದಿನವೇ ದೂರದಿಂದ ಒಬ್ಬ ಬಿಳಿಯ ಸಾಹೇಬ ಗಂಟಲು ಹರಿಯುವ ಹಾಗೆ ಕೂಗಿದ. ನಮ್ಮವರು ತಲೆ ಬಗ್ಗಿಸುವ ಬದಲು ನಲ್ಲಿ ಬಿಗಿಯುವ ಪಾನಾ ಹಿಡಿದುಕೊಂಡು ಅವನ ಕಡೆಗೇ ನಡೆದರು. ಚೆಂಡು ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಇವರಿಗೆ ಅದರ ಖಬರೇ ಇಲ್ಲ.

"ಯಾಂವಲೇ ಅಂವಾ, ನನಗ ಪೋರ ಅನ್ನಾಂವ? ಮನ್ಯಾಗ ಮಗಳು ಲಗ್ನಕ್ಕ ಬಂದಾಳ!"

ನಾನು ಓಡಿಹೋಗಿ ಹಿಡಿದುಕೊಂಡೆ. ಸಾಹೇಬ ಹೆದರಿ ಕೈ ಮುಗಿದ. ಪ್ಲಂಬರ್ ಮೀಸೆ ತಿರುವಿ, "ಹಾಂ, ಈಗ ಮರ್ಯಾದಿ ಬಂತು ನೋಡ್ರಿ" ಅಂದರು.

ಗಿಡದ ಟ್ರಾನ್ಸ್‌ಫರ್

ದಾರ್ಸೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಹೆಂಡತಿ ಪೇಂಟಿನ ಡಬ್ಬದಲ್ಲಿ ಕರಿಬೇವು ನೆಟ್ಟಿದ್ದಳು. ಮಗಳು ಹುಟ್ಟಿದ ವರ್ಷ ನೆಟ್ಟದ್ದು. ಹಾಗಾಗಿ ಅದಕ್ಕೆ ಮಗಳಷ್ಟೇ ಉಪಚಾರ. ನೀರು ಕೆಳಗಿನ ಕಾರುಗಳ ಮೇಲೆ ಸೋರುತ್ತದೆ ಅಂತ ಕಟ್ಟಡ ಕಾಯುವ ನಾತೂರ್ ದಿನಾ ಜಗಳಕ್ಕೆ ಬರುತ್ತಿದ್ದ. ಕಡೆಗೆ ಗಿಡವನ್ನು ಮೈದಾನಕ್ಕೆ ಒಯ್ದು, ಒಂಬತ್ತನೇ ಗುಂಡಿಯ ಪಕ್ಕದ ಪಂಪ್ ಕೋಣೆಯ ಹಿಂದೆ, ಏಸಿ ನೀರು ತೊಟ್ಟಿಕ್ಕುವಲ್ಲಿ ನೆಟ್ಟೆ. ಅಬ್ಬಬ್ಬಾ, ಅದು ಬೆಳೆದದ್ದೇ ಬೆಳೆದದ್ದು! ದಾರ್ಸೈಟಿನ ಅರ್ಧ ಅಡುಗೆಮನೆಗಳ ಸಾರು ಆ ಗಿಡದ ಮೇಲೆ ನಿಂತಿತ್ತು.

ಒಮ್ಮೆ ಚೆಂಡೊಂದು ಆ ಪೊದೆಗೆ ಬಿತ್ತು. ಮುದುಕ ಆಟಗಾರ ಹುಡುಕಿ ಹುಡುಕಿ ಸೋತುಹೋದ. ಆ ಸಂಜೆ ನಾನು ಎಂದಿನ ಹಾಗೆ ಚೀಲ ತುಂಬ ಕರಿಬೇವು ಕೊಯ್ದು ನೆರೆಮನೆಗಳಿಗೆ ಹಂಚಿದೆ. ಮರುದಿನ ಮುಂಜಾನೆ ಪಕ್ಕದ ಮನೆಯಾಕೆಯ ಫೋನು.

"ಅಣ್ಣಾ, ನಿಮ್ಮ ಕರಿಬೇವಿನಲ್ಲಿ ಕಾಯಿ ಬಿಟ್ಟಿದೆ. ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದರೂ ಬೇಯ್ತಾ ಇಲ್ಲ!"

ಖಲಾಸ್

ಪಾರ್ಕ್ ಮಾಡಲು ಬಲದಿಯಾದವರು ಬಂದು ಮರಗಳಿಗೆ ಗುರುತು ಹಾಕಿದರು. ಹಸಿರು ಬಣ್ಣವಾದರೆ ಉಳಿಯುತ್ತದೆ, ಕೆಂಪಾದರೆ ಕೊಡಲಿ. ಅಷ್ಟರಲ್ಲಿ ಮರವೇ ಆಗಿದ್ದ ನಮ್ಮ ಕರಿಬೇವಿಗೆ ಕೆಂಪು. ಹೆಂಡತಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಓದಲು ದೂರ ಹೋಗಿದ್ದ ಮಗಳು ಫೋನಿನಲ್ಲಿ, "ಅಮ್ಮಾ, ಇಟ್ಸ್ ಜಸ್ಟ್ ಎ ಟ್ರೀ" ಅಂದಳು. "ನೀನು ದೂರ ಹೋದ ಮೇಲೆ ನನಗೆ ಇಲ್ಲಿ ಇದ್ದದ್ದು ಅದೊಂದೇ" ಅಂತ ಇವಳು ಫೋನ್ ಇಟ್ಟುಬಿಟ್ಟಳು. 

ಮರುದಿನ ಅವಳು ದೊಡ್ಡ ಫ್ಲಾಸ್ಕ್ ಹಿಡಿದು ಮೈದಾನಕ್ಕೇ ಬಂದಳು. ಒಳಗೆ ಇಲ್ಲಿಯವರಿಗೂ ಪ್ರೀತಿಯ ಲಬಾನ್, ಅಂದರೆ ನಮ್ಮ ಮಜ್ಜಿಗೆಯೇ. ಅದಕ್ಕೆ ಇವಳು ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟಿದ್ದಳು. ಒಮಾನಿ ಇಂಜಿನಿಯರ್ ಒಂದು ಗ್ಲಾಸ್ ಕುಡಿದು, ಇನ್ನೊಂದನ್ನು ತಾನೇ ಕೇಳಿ ಪಡೆದ. "ಈ ಎಲೆ ಯಾವುದು?" ಅಂದ. ಇವಳು ಮರವನ್ನು ತೋರಿಸಿದಳು. ಆತ ಕೆಂಪು ಗುರುತು ನೋಡಿದ, ಗ್ಲಾಸ್ ನೋಡಿದ. ಕೈ ಝಾಡಿಸಿ, "ಖಲಾಸ್!" ಅಂದುಬಿಟ್ಟ.

ಇಷ್ಟು ವರ್ಷ ಇಲ್ಲಿದ್ದರೂ ಆ ಗಳಿಗೆಯಲ್ಲಿ ಇವಳಿಗೆ ನೆನಪಾದದ್ದು ನಮ್ಮೂರಿನ ಖಲಾಸ್. ಕತೆ ಮುಗಿಯಿತು ಅಂತ ಮರವನ್ನು ತಬ್ಬಿಕೊಂಡು ಅಳಲು ಶುರುಮಾಡಿದಳು. ಇಂಜಿನಿಯರ್ ಗಾಬರಿಯಾಗಿ, "ಮಾಡಮ್, ಖಲಾಸ್! ನೋ ಕಟ್, ಖಲಾಸ್!" ಅನ್ನುತ್ತಾನೆ. ಅವನು ಖಲಾಸ್ ಅಂದಷ್ಟೂ ಇವಳ ಅಳು ಜೋರಾಯಿತು. ಇಲ್ಲಿಯ ಖಲಾಸ್ ಅಂದರೆ ಆಯಿತು, ತೀರ್ಮಾನವಾಯಿತು, ಮರ ಉಳಿಯಿತು ಅಂತ ನಾನು ಬಿಡಿಸಿ ಹೇಳಿದ ಮೇಲೆ ಕಣ್ಣೊರೆಸಿಕೊಂಡು, ಅವನಿಗೆ ಮೂರನೇ ಗ್ಲಾಸ್ ಬಗ್ಗಿಸಿದಳು.

ಎಲ್ಲಿ ಬರೆದಿದೆ?

ಪಾರ್ಕ್ ತೆರೆಯಿತು. ಮರದ ಸುತ್ತ ಚಂದದ ಕಟ್ಟೆ, ಮುಂದೊಂದು ಬೋರ್ಡ್. ಹೆಂಡತಿ ಚೀಲ ಹಿಡಿದು ಹಬ್ಬಕ್ಕೆ ಹೊರಟವಳ ಹಾಗೆ ಬಂದು ಓದಿದಳು. ಎಲೆ ಕೀಳಬಾರದು ಅಂತ ಬರೆದಿತ್ತು. ಕಿತ್ತವರನ್ನು ತಡೆಯಲು ಪಂಪಿನವನಿಗೆ, ಅಂದರೆ ನನಗೇ, ಒಂದು ಸೀಟಿ ಕೊಟ್ಟಿದ್ದರು.

"ನಾನು ಅತ್ತು ಉಳಿಸಿದ ಮರ! ನಾನು ಅಲ್ ಮವಾಲೇಹ್ ಮಾರ್ಕೆಟಿನಿಂದ ಕರಿಬೇವು ತರಬೇಕಾ?" ಅಂತ ಎಲೆ ಕೀಳಲು ಕೈ ಮೇಲೆತ್ತಿದಳು.

ಡ್ಯೂಟಿ ಅಂದರೆ ಡ್ಯೂಟಿ. ಸೀಟಿ ಊದಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ಕೈ ಇಳಿಸಿ, ಮರದ ಕೆಳಗೆ ಹೋಗಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನಿಂತಳು.

"ಕೀಳಬಾರದು ಅಂತ ತಾನೇ ಬರೆದದ್ದು? ಬಿದ್ದದ್ದನ್ನು ಹಿಡಿಯಬಾರದು ಅಂತ ಎಲ್ಲಿ ಬರೆದಿದೆ? ಹೂಂ, ಸ್ವಲ್ಪ ಆ ಕೊಂಬೆ ಅಲ್ಲಾಡಿಸಿ."

ಆಚೆ ನೋಡಿದೆ, ಈಚೆ ನೋಡಿದೆ. ಬಾಯಲ್ಲಿ ಸೀಟಿ ಇಟ್ಟುಕೊಂಡೇ ಅಲ್ಲಾಡಿಸಿದೆ.