ಹಿತ್ತಲಿನಿಂದ ತೆಗೆದ ಗ್ಯಾಲಕ್ಸಿಯ ಫೋಟೋ

ಮಲ್ಲಿಪಟ್ಟಣದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಹಗಲು ಮದುವೆ, ನಾಮಕರಣ. ರಾತ್ರಿಯಾದರೆ ಹಿತ್ತಲಿನ ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಆಕಾಶದ ಫೋಟೋ. ಆಕಾಶ ತನ್ನ ಪಾಡಿಗೆ ತಾನಿರುತ್ತದೆ. ಏನಾದರೊಂದು ಆಗುವುದೆಲ್ಲ ನೆಲದ ಮೇಲೆಯೇ.

೧. ಸೂರು

ಟೆಲಿಸ್ಕೋಪಿಗೆಂದು ಒಂದು ಸಣ್ಣ ಕೋಣೆ ಕಟ್ಟಿಸಿದೆ. ಅದರ ತಗಡಿನ ಸೂರು ಹಳಿಯ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಪಕ್ಕದ ಮನೆಯ ಯಜಮಾನರು ಹೊಗೆಸೊಪ್ಪು ಬೆಳೆಯುವವರು. ಇದೂ ಸೌದೆ ಉರಿಸಿ ಸೊಪ್ಪು ಬೇಯಿಸುವ ಬ್ಯಾರನ್ ಕೋಣೆ ಇರಬೇಕೆಂದು ಒಂದು ವಾರ ಕಾದು, ಹೊಗೆಯೇ ಬರುತ್ತಿಲ್ಲವಲ್ಲ ಎಂದು ವಿಚಾರಿಸಿದರು. ನಕ್ಷತ್ರ ನೋಡಲು ಎಂದೆ. ಸಂಜೆ ಬಂದು, ಸೂರು ಸರಿಸಿದ ಕೋಣೆಯೊಳಗೆ ನಿಂತು ಮೇಲೆ ನೋಡಿದರು. ಆಚೆ ಹೋಗಿ ಅಂಗಳದಲ್ಲಿ ನಿಂತು ಮತ್ತೆ ನೋಡಿದರು.

"ಎಲ್ಡು ಕಡೆನೂ ಅವೇ ನಕ್ಷತ್ರ ಸಾ. ಗ್ವಾಡೆ ದಂಡ."

೨. ದೀಪ

ನನಗೆ ಬೇಕಿದ್ದದ್ದು ಸಪ್ತರ್ಷಿ ಮಂಡಲದ ಬಾಲದ ತುದಿಯ ಹತ್ತಿರವಿರುವ ಒಂದು ಸುರುಳಿ ಗ್ಯಾಲಕ್ಸಿ, ಕೋಟ್ಯಂತರ ನಕ್ಷತ್ರಗಳ ಸುಳಿ. ಅಷ್ಟು ದೂರದ ಮಸುಕು ಬೆಳಕು ನಮ್ಮ ಬೀದಿದೀಪದ ಮುಂದೆ ನಿಲ್ಲಲಿಲ್ಲ. ಎರಡು ಬೇಸಿಗೆ ಹಾಗೇ ಹೋದವು. ಮೂರನೆಯ ಬೇಸಿಗೆ ಲೈನ್‌ಮನ್ ಹತ್ತಿರ ಹೋಗಿ, ನಾಲ್ಕು ರಾತ್ರಿ ದೀಪ ಆರಿಸಿಕೊಡಿ ಎಂದು ಬೇಡಿಕೊಂಡೆ. ಬೀದಿಯವರನ್ನೆಲ್ಲ ಒಪ್ಪಿಸಿಕೊಂಡು ಬನ್ನಿ ಎಂದ. ಒಪ್ಪಿಸಿ ಬಂದೆ. ದೂರಿನ ಪುಸ್ತಕ ತೆರೆದು, ಏನು ಬರೆಯಬೇಕೋ ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕೂತ. ಕೊನೆಗೆ ಬರೆದ:

"ದೂರು: ದೀಪ ಉರಿಯುತ್ತಿದೆ."

೩. ಫೋಟೋ

ಆ ನಾಲ್ಕು ರಾತ್ರಿಯೂ ಮೋಡ ಬರಲಿಲ್ಲ. ಟೆಲಿಸ್ಕೋಪು ಆಕಾಶದ ಜೊತೆಗೇ ಮೆಲ್ಲಗೆ ತಿರುಗುತ್ತಿತ್ತು. ನಾನು ಕುರ್ಚಿಗೆ ಒರಗಿ, ಈ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಹೇಮಾವತಿ ಹರಿಯುತ್ತಿದ್ದಳೋ ಇಲ್ಲವೋ ಎಂದು ಯೋಚಿಸುತ್ತ, ಕೂತಲ್ಲೇ ತೇಲುತ್ತಿದ್ದೆ.

ಐದನೆಯ ದಿನ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿದೆ. ಹಾಲಿನಲ್ಲಿ ಬೆಲ್ಲ ಕರಗುವ ಹಾಗೆ ಸುರುಳಿಯ ಎರಡು ತೋಳುಗಳು ನಿಧಾನವಾಗಿ ಬಿಚ್ಚಿಕೊಂಡವು. ಕಣ್ಣು ಮಂಜಾಯಿತು. ಯಾರಿಗಾದರೂ ತೋರಿಸದೆ ಇರಲಾಗಲಿಲ್ಲ. ಪ್ರಿಂಟ್ ಹಾಕಿಕೊಂಡು ಪಕ್ಕದ ಮನೆಗೇ ಓಡಿದೆ.

ಯಜಮಾನರ ಹೆಂಡತಿ ಕೈ ಒರೆಸಿಕೊಂಡು ಬಂದು, ಫೋಟೋವನ್ನು ಬಹಳ ಹೊತ್ತು ನೋಡಿದರು. ಈ ಬೆಳಕು ನಮ್ಮೂರು ಮುಟ್ಟಲು ಎರಡು ಕೋಟಿ ವರ್ಷಕ್ಕೂ ಹೆಚ್ಚು ಹಿಡಿಯಿತು ಎಂದು ವಿವರಿಸಿದೆ. ಅವರು ತಲೆಯಾಡಿಸಿ, ಫೋಟೋವನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟರು.

"ಸಂದಾಗೈತೆ ಕಣಪ್ಪ. ನಮ್ ಮಗಳ ಮದ್ವೇಲಿ ನೀನೇ ಫೋಟೋ ತೆಗ್ದೆ. ಈಗ ಮೊಮ್ಮಗ ಇಸ್ಕೂಲಿಗೆ ಓಯ್ತಾವ್ನೆ. ಆ ಆಲ್ಬಮ್ಮೂ ಅಲ್ಲಿಂದ್ಲೇ ಬತ್ತಾ ಐತಾ?"