ಪಠಾಣರು, ನಮ್ಮವರು ಮತ್ತು ನನ್ನ ಎಸಿ ಕ್ಲಾಸು

ಎದೆ ಧಸಕ್ಕೆನ್ನಿಸುವ ಸಂಗತಿಗಳು ಬಹರೈನಿನಲ್ಲಿ ಉಳಿದವರನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನಾನು ಎಸಿ ಮೆಕ್ಯಾನಿಕ್. ಸಾಧಾರಣದವನಲ್ಲ. ಮನಾಮಾದಲ್ಲಿ ನಾನೊಮ್ಮೆ ಜ್ವರ ಬಂದು ಮಲಗಿದ್ದಾಗ ಇಡೀ ದ್ವೀಪವೇ ಬೆವರಿತ್ತು.

ಆ ವರ್ಷ ಹಿದ್‌ನ ಒಂದು ಲೇಬರ್ ಕ್ಯಾಂಪಿನಲ್ಲಿ ಕ್ರಿಕೆಟ್ ನೋಡುತ್ತಾ ನೋಡುತ್ತಾ ನಮ್ಮ ಕರಾವಳಿಯವರಿಗೂ ಪೇಶಾವರ ಕಡೆಯ ಪಠಾಣರಿಗೂ ಹೊಡೆದಾಟವಾಯಿತು. ಟಿವಿ ಹಾಲಿಗೆ ಬೀಗ ಬಿತ್ತು. ಕ್ಯಾಂಪಿನ ಮುದೀರ್, ಅಂದರೆ ಮ್ಯಾನೇಜರು, ನನ್ನನ್ನು ಕರೆಸಿದರು.

"ಉಸ್ತಾದ್, ಇವರನ್ನು ಒಟ್ಟಿಗೆ ಕೂರಿಸಿ ಎಸಿ ಕೆಲಸ ಕಲಿಸು. ಕೈ ಕೂಡಿದರೆ ಮನಸ್ಸೂ ಕೂಡೀತು. ಈ ಎರಡು ಪಂಗಡ ಇನ್ನೊಮ್ಮೆ ಕಿತ್ತಾಡಿದರೆ ಖಲ್ಲಾಸ್! ಎಲ್ಲರ ವೀಸಾ ರದ್ದು, ಎಲ್ಲರೂ ಊರಿಗೆ."

"ನನಗೆ ಬಿಡಿ ಸಾಬ್" ಎಂದೆ. ಅನ್ನಬಾರದಿತ್ತು.

ಹಿಸ್ಸೆ

ಮೊದಲ ಶುಕ್ರವಾರ ಒಂದು ಹಳೆಯ ಸ್ಪ್ಲಿಟ್ ಎಸಿ ಹೊತ್ತುಕೊಂಡು ಹೋದೆ. ಚಹಾ ಕುಡಿದು ಬರುವಷ್ಟರಲ್ಲಿ ನೆಲದ ಮೇಲೆ ಕಪ್ಪು ಟೇಪಿನ ಗಡಿ! ಈಚೆ ನಮ್ಮವರ ಹತ್ತಿರ ಒಳಗಿನ ಯೂನಿಟ್ಟು, ಆಚೆ ಪಠಾಣರ ಹತ್ತಿರ ಹೊರಗಿನದ್ದು. ಮಧ್ಯದ ತಾಮ್ರದ ಪೈಪು ಎರಡು ತುಂಡು.

"ಇದೆಂತ ಮಾರಾಯ?"

ನಮ್ಮ ಕಡೆಯ ಉದ್ದನೆಯ ವೆಲ್ಡರ್ ಹೇಳಿದ, "ಜಗಳ ಬೇಡ ಅಂತ ಪಾಲು ಮಾಡಿಕೊಂಡೆವು ಮಾಮ."

"ಪೈಪು ಕತ್ತರಿಸಿದ ಪುಣ್ಯಾತ್ಮ ಯಾರು?"

ಪಠಾಣರ ಗಡ್ಡದ ಡ್ರೈವರ್ ಹೆಮ್ಮೆಯಿಂದ ನಿಂತ. "ಅದೊಂದು ಕೆಲಸ ಮಾತ್ರ ಎರಡೂ ಕಡೆಯವರು ಸೇರಿ ಮಾಡಿದೆವು, ಉಸ್ತಾದ್."

ಮಿಸ್ಡ್ ಕಾಲ್

ಎಸಿ ಕೆಲಸಕ್ಕೆ ತಾರಸಿಯಲ್ಲಿ ಒಬ್ಬ, ಕೋಣೆಯಲ್ಲಿ ಒಬ್ಬ ಬೇಕು. ಮುಂದಿನ ಶುಕ್ರವಾರ ಡ್ರೈವರನನ್ನು ಮೇಲೆ ಹತ್ತಿಸಿದೆ, ವೆಲ್ಡರನನ್ನು ಕೆಳಗೆ ನಿಲ್ಲಿಸಿದೆ. ಕೂಗಿ ಹೇಳಿಕೊಳ್ಳಿ ಎಂದರೆ ಇಬ್ಬರೂ ಮುಖ ತಿರುಗಿಸಿದರು. ಮಾತೇ ಇಲ್ಲವಂತೆ! ಕೊನೆಗೆ ನಾನೇ ತಲೆ ಓಡಿಸಿದೆ: ಮೇಲಿನಿಂದ ಒಂದು ಮಿಸ್ಡ್ ಕಾಲ್ ಬಂದರೆ ಸ್ವಿಚ್ ಹಾಕು, ಎರಡು ಬಂದರೆ ತೆಗೆ. ಇಂಥ ಉಪಾಯ ದೊಡ್ಡ ದೊಡ್ಡ ಇಂಜಿನಿಯರುಗಳಿಗೂ ಹೊಳೆಯದು.

ಜೇಬಿನಲ್ಲಿ ಫೋನು ಒಮ್ಮೆ ಕುಂಯ್ ಎಂದಿತು. ವೆಲ್ಡರ್ ನೋಡದೇ ಸ್ವಿಚ್ ಹಾಕಿದ. ತಾರಸಿಯಿಂದ ಒಂದು ಕಿರುಚಾಟ! ನನ್ನ ಜೀವ ಅಲ್ಲೇ ಹಾರಿತು. ಡ್ರೈವರ್ ಗಡ್ಡ ಕೆದರಿಕೊಂಡು ಮೆಟ್ಟಿಲು ಹಾರಿ ಬಂದ.

"ನಾನೆಲ್ಲಿ ಕಾಲ್ ಕೊಟ್ಟೆ? ತಂತಿ ಹಿಡಿದುಕೊಂಡಿದ್ದೆನಲ್ಲೋ!"

ವೆಲ್ಡರ್ ಫೋನು ತೆಗೆದು ನೋಡಿದ. ಊರಿನಿಂದ ಹೆಂಡತಿಯ ಮಿಸ್ಡ್ ಕಾಲ್.

ಈಗ ಕೊಲೆಯೇ ಎಂದುಕೊಂಡೆ. ಡ್ರೈವರ್ ಅವನ ಹೆಗಲ ಮೇಲೆ ಕೈಯಿಟ್ಟ. "ಮೊದಲು ವಾಪಸ್ ಫೋನ್ ಮಾಡು ತಮ್ಮಾ. ತಡ ಮಾಡಿದರೆ ನನ್ನವಳು ಕೊಡುವುದು ಈ ಶಾಕಿಗಿಂತ ಜೋರು."

ಡಿಗ್ರಿ

ಕೊನೆಯ ಪರೀಕ್ಷೆಗೆ ಮುದೀರರೇ ಬಂದರು. ಬೀಗ ಬಿದ್ದ ಟಿವಿ ಹಾಲಿನ ಸತ್ತ ಎಸಿಗೆ ಎಲ್ಲರೂ ಸೇರಿ ಜೀವ ಕೊಡಬೇಕು. ಕೊಟ್ಟರು! ತಣ್ಣನೆ ಗಾಳಿ ಬಂತು, ಚಪ್ಪಾಳೆ ಬಿತ್ತು. ಮುದೀರರೂ ನಾನೂ ಆಫೀಸಿನಲ್ಲಿ ಕಾಫಿ ಬಾಯಿಗಿಟ್ಟಿದ್ದೆವಷ್ಟೆ, ಹಾಲಿನಿಂದ ಗುಡುಗಿನಂಥ ಗದ್ದಲ.

"ಮತ್ತೆ ಹೊಡೆದಾಟ! ಎಲ್ಲರೂ ಊರಿಗೆ!" ಎಂದು ಮುದೀರರು ಓಡಿದರು. ನಾನೂ ಹಿಂದೆಯೇ ಓಡಿದೆ. ಇಷ್ಟು ಜನರ ಅನ್ನ ಹೋಯಿತಲ್ಲ!

ಒಳಗೆ ವೆಲ್ಡರ್ ಮತ್ತು ಡ್ರೈವರ್ ಹೆಗಲಿಗೆ ಹೆಗಲು ಕೊಟ್ಟು "ಹದಿನೆಂಟು!" ಎಂದು ಅರಚುತ್ತಿದ್ದಾರೆ. ಎದುರಿಗೆ ವೆಲ್ಡರನ ಸ್ವಂತ ಭಾವ, ಪಠಾಣರ ಅಡಿಗೆಯವನ ಜೊತೆ ಒಂದೇ ಕಂಬಳಿ ಹೊದ್ದು "ಇಪ್ಪತ್ತಾರು! ನಾವೇನು ಬಂಗುಡೆ ಮೀನಾ, ಐಸಿನಲ್ಲಿಡಲಿಕ್ಕೆ?" ಎಂದು ಕೂಗುತ್ತಿದ್ದಾನೆ. ಹಾಲು ಎರಡು ಪಾಲಾಗಿತ್ತು, ಆದರೆ ಎರಡೂ ಪಾಲಿನಲ್ಲಿ ಎರಡೂ ಕಡೆಯವರು!

ಮುದೀರರು ಕಣ್ಣು ಕಣ್ಣು ಬಿಟ್ಟರು. "ಇದರಲ್ಲಿ ಯಾವ ಪಂಗಡವನ್ನು ಕಳಿಸಲಿ?"

ನಾನು ಎದೆಯುಬ್ಬಿಸಿದೆ. "ನೀವು ಹೇಳಿದ ಪಂಗಡಗಳು ಈಗಿಲ್ಲ ಸಾಬ್. ಇವು ನಾನೇ ಟ್ರೈನಿಂಗ್ ಕೊಟ್ಟು ತಯಾರಿಸಿದ ಹೊಸವು."

ಅವರು ತಲೆ ಕೆರೆದುಕೊಂಡರು. "ಸರಿ, ಯಾರೂ ಹೋಗುವುದು ಬೇಡ. ಜಗಳವೂ ಬೇಡ" ಎಂದವರೇ ರಿಮೋಟು ಕಿತ್ತುಕೊಂಡು ಎಸಿ ಆಫ್ ಮಾಡಿಬಿಟ್ಟರು.

ಮರುಕ್ಷಣ ನಮ್ಮವರು, ಪಠಾಣರು, ಹದಿನೆಂಟು, ಇಪ್ಪತ್ತಾರು, ಎಲ್ಲರೂ ಒಂದೇ ಗಂಟಲಿನಿಂದ ಅವರ ಮೇಲೆ ಮುಗಿಬಿದ್ದರು. ಮುದೀರರು ನನ್ನ ಬೆನ್ನ ಹಿಂದೆ ಅಡಗಿ, ರಿಮೋಟು ನನ್ನ ಕೈಗೆ ತುರುಕಿ ಪಿಸುಗುಟ್ಟಿದರು:

"ಉಸ್ತಾದ್, ಒಗ್ಗಟ್ಟು ಜಾಸ್ತಿಯಾಯಿತು. ಇದರಲ್ಲಿ ಸ್ವಲ್ಪ ಕಡಿಮೆ ಮಾಡುವ ಬಟನ್ ಎಲ್ಲುಂಟು?"