ಧಾನ್ಯವಿಲ್ಲದ ಪಾಸ್ತಾ ಮತ್ತು ನನ್ನ ಏಕಾದಶಿ ಪಾಂಡಿತ್ಯ

“ಧಾನ್ಯ ತಾನೇ ಬೇಡ ಅಂದಿದ್ದು? ಚಿಂತೆ ಬಿಡಿ ಡಾಕ್ಟ್ರೇ! ನಮ್ಮದು ಏಳು ತಲೆಮಾರಿನಿಂದ ಏಕಾದಶಿ ಮಾಡ್ಕೊಂಡು ಬಂದಿರೋ ವಂಶ!”

ಹೀಗೆ ಎದೆಯುಬ್ಬಿಸಿ ಹೇಳಿದವನು ನಾನೇ, ಸುಂದರೇಶ, ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ವಾಸ ಒಂಟಿಕೊಪ್ಪಲ್. ಎರಡು ಸಾವಿರದ ಎರಡನೇ ಇಸವಿಯ ಮಾತು. ನನ್ನ ಒಂಬತ್ತು ವರ್ಷದ ಮಗಳು ಮಾಲವಿಕಾಗೆ ಬಿಟ್ಟೂಬಿಡದ ಹೊಟ್ಟೆನೋವು. ಎರಡು ತಿಂಗಳು ಅಕ್ಕಿ, ಗೋಧಿ, ರಾಗಿ, ಜೋಳ ಯಾವುದನ್ನೂ ಮುಟ್ಟಿಸಬೇಡಿ, ಆಮೇಲೆ ಒಂದೊಂದಾಗಿ ಕೊಟ್ಟು ನೋಡೋಣ ಎಂದು ಡಾಕ್ಟರು ಹೇಳಿದ್ದರು.

ಮನೆಗೆ ಬಂದವನೇ ಹೆಂಡತಿ ವೇದವತಿಗೆ ಅಪ್ಪಣೆ ಕೊಡಿಸಿದೆ. “ವೇದಾ, ನಾಳೆಯಿಂದ ಮಗೂಗೆ ಏಕಾದಶಿ ಫಲಾಹಾರ! ಒಂದಿನ ಉಪ್ಪಿಟ್ಟು, ಒಂದಿನ ಅವಲಕ್ಕಿ!”

“ಉಪ್ಪಿಟ್ಟಿನ ರವೆ ಯಾವುದರದ್ದು ರೀ?”

“ರವೆ ಅಂದ್ರೆ ರವೆ ಕಣೇ!”

“ಗೋಧೀದು. ಅವಲಕ್ಕಿ?”

“ಅಕ್ಕೀದು” ಎಂದೆ, ತಲೆ ಕೆರೆದುಕೊಂಡು.

“ಅನ್ನ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಎರಡೆರಡು ತಟ್ಟೆ ತಿಂದು, ಅದಕ್ಕೆ ಉಪವಾಸ ಅಂತ ಹೆಸರಿಟ್ಟಿದೀರಿ ಕಣ್ರೀ, ಏಳು ತಲೆಮಾರೂ!”

ವಂಶದ ಪುಣ್ಯವೆಲ್ಲ ಒಂದೇ ನಿಮಿಷದಲ್ಲಿ ಕರಗಿಹೋಯಿತು!

ಮಾಲವಿಕಾ ಮಾತ್ರ ಆ ಪಥ್ಯ ಹಿಡಿದ ರೀತಿ ನೋಡಿ ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ನಾನು ಬಿಸಿಬೇಳೆಬಾತನ್ನು ಸೊರಸೊರ ಹೊಡೆಯುತ್ತಿದ್ದರೂ, ಅವಳು ತನ್ನ ಆಲೂಗಡ್ಡೆ ಪಲ್ಯ, ಹೆಸರುಬೇಳೆ ತಿಂದು ಎದ್ದುಹೋಗುತ್ತಿದ್ದಳು. ಎರಡು ವಾರ ತುಟಿ ಪಿಟಕ್ಕೆನ್ನಲಿಲ್ಲ. ಮೂರನೇ ವಾರದ ಗುರುವಾರ ಸಂಜೆ ಬ್ಯಾಗನ್ನು ಮೂಲೆಗೆಸೆದು, “ಶನಿವಾರ ನಾನು ಸ್ಕೂಲಿಗೆ ಹೋಗಲ್ಲ” ಎಂದಳು.

ವಿಷಯ ಇಷ್ಟು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಐವರು ಗೆಳತಿಯರ ಪಾಸ್ತಾ ಪಾರ್ಟಿ. ಎಲ್ಲರೂ ಮನೆಯಿಂದ ಪಾಸ್ತಾ ತರಬೇಕು.

“ನಿಂಗೆ ಆಗಲ್ವಲ್ಲ, ನೀನು ಸುಮ್ನೆ ಕೂತಿರು ಅಂದ್ಲು ಅಕ್ಷತಾ. ಎಲ್ಲಾರೂ ತಿನ್ನೋವಾಗ ಸುಮ್ನೆ ಹೆಂಗಪ್ಪಾ ಕೂತ್ಕೊಳೋದು?”

ಕಣ್ಣಲ್ಲಿ ನೀರು. ತಕ್ಷಣ ಭೀಷ್ಮನಂತೆ ಎದ್ದು ನಿಂತೆ. “ಪಾಸ್ತಾ ಅಂದ್ರೆ ಏನು ಮಹಾ! ಫಾರಿನ್ ಶಾವಿಗೆ! ಒಂದು ಕಾಳು ಧಾನ್ಯ ಇಲ್ದೇ ನಾನು ಮಾಡ್ಕೊಡ್ತೀನಿ ಕಣಮ್ಮಾ!”

“ನೀವಾ?” ಎಂದಳು ವೇದಾ. ಎರಡೇ ಅಕ್ಷರದಲ್ಲಿ ಎಷ್ಟು ಅಪನಂಬಿಕೆ ತುಂಬಬಹುದು ಎಂಬುದನ್ನು ಅವಳಿಂದ ಕಲಿಯಬೇಕು.

ಶುಕ್ರವಾರ ಕಾಲೇಜು ಮುಗಿಸಿ ನೇರ ದೇವರಾಜ ಮೊಹಲ್ಲಾಕ್ಕೆ ಸ್ಕೂಟರ್ ಓಡಿಸಿದೆ. ನಾವು ವರ್ಷಗಳಿಂದ ದಿನಸಿ ತರುವ ಅಂಗಡಿಯ ನಂಜಯ್ಯನವರ ಮುಂದೆ ನಿಂತು, “ಅಕ್ಕಿ, ಗೋಧಿ, ರಾಗಿ ಯಾವುದೂ ಇಲ್ಲದ ಶಾವಿಗೆ ಕೊಡಿ” ಎಂದೆ.

ನಂಜಯ್ಯ ಕನ್ನಡಕ ಮೇಲೇರಿಸಿ ನೋಡಿದರು. “ಅವೆಲ್ಲ ತೆಗೆದುಬುಟ್ರೆ ಬರೀ ಪ್ಯಾಕೆಟ್ ಉಳಿಯೋದು ಸ್ವಾಮಿ. ಕೊಡ್ಲಾ?”

ಕೊನೆಗೆ ಅವರೇ ಕನಿಕರಪಟ್ಟು, ಇದು ಮರಗೆಣಸಿನದು, ಧಾನ್ಯವಲ್ಲ ಎಂದು ಒಂದು ಕಿಲೋ ಸಬ್ಬಕ್ಕಿ ತೂಗಿಕೊಟ್ಟರು.

ಶಾವಿಗೆ ಒರಳನ್ನು ಪಕ್ಕದ ಮನೆಯ ಗಿರಿಜಾಂಬಾ ಅವರಿಂದ ತಂದೆ. ಮೂರು ಕಾಲಿನ, ಮೇಲೆ ತಿರುಗಿಸುವ ಹಿಡಿಯಿರುವ, ಅವರತ್ತೆಯ ಕಾಲದ ಕಬ್ಬಿಣದ ಒರಳು.

“ಒತ್ತಕ್ಕೆ ಬರ್ತದಾ ಮೇಷ್ಟ್ರೇ?”

“ಅಮ್ಮಾ, ಇಪ್ಪತ್ತು ವರ್ಷದಿಂದ ಒತ್ತಡದ ಬಗ್ಗೇನೇ ಪಾಠ ಮಾಡ್ತಿರೋನು ನಾನು!”

ನೆನೆಸಿದ ಸಬ್ಬಕ್ಕಿಗೆ ಬೇಯಿಸಿದ ಆಲೂಗಡ್ಡೆ ಹಾಕಿ ನಾದಿದೆ. ಕೈ ಸುಟ್ಟಿತು. ಫ್ಯಾನ್ ಕೆಳಗಿಟ್ಟು ಒಂದು ಗಂಟೆ ಆರಿಸಿದೆ. ನೋಡಿದರೆ ಹಿಟ್ಟು ಹೋಗಿ ಗೋಂದಾಗಿತ್ತು! ಅದನ್ನೇ ಒರಳಿಗೆ ತುರುಕಿ ಹಿಡಿ ತಿರುಗಿಸಿದೆ. ಅಲುಗಲಿಲ್ಲ. ವೇದಾ ಒಂದು ಕಾಲು ಹಿಡಿದಳು, ಮಾಲವಿಕಾ ಇನ್ನೊಂದು ಹಿಡಿದಳು. ನಾನು ಹಿಡಿಗೆ ಜೋತುಬಿದ್ದೆ.

“ರೀ, ಸಾಕು ಬಿಡ್ರೀ!”

“ಇನ್ನೊಂದೇ ಸುತ್ತು!”

ಢಬ್! ತೂತಿನ ಬಿಲ್ಲೆ ಕಿತ್ತುಕೊಂಡು ಪಾತ್ರೆಗಳ ಸಂದಿಗೆ ಹಾರಿತು. ಹಿಟ್ಟು ಒಂದೇ ಮುದ್ದೆಯಾಗಿ ಹೊರಬಿದ್ದು, ಅರ್ಧ ಗೋಡೆಯ ಕ್ಯಾಲೆಂಡರಿಗೆ, ಅರ್ಧ ನನ್ನ ಮೀಸೆಗೆ ಮೆತ್ತಿಕೊಂಡಿತು. ಮಾಲವಿಕಾ ಹೊಟ್ಟೆ ಹಿಡಿದು ನಕ್ಕಳು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿ ಕ್ಯಾಲೆಂಡರನ್ನೇ ನೋಡಿದಳು. “ಹೋಗ್ಲಿ ಬಿಡಪ್ಪಾ. ನಾನು ಸುಮ್ನೇ ಕೂತ್ಕೋತೀನಿ” ಎಂದಳು.

ಅದಕ್ಕಿಂತ ಅವಳು ಅತ್ತು ರಂಪ ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಸದ್ದು ಕೇಳಿ ಗಿರಿಜಾಂಬಾ ಓಡಿ ಬಂದರು. “ಅಯ್ಯೋ ಶಿವನೇ, ಇದೇನ್ ಮಾಡ್ಬುಟ್ರಿ ಮೇಷ್ಟ್ರೇ! ಆರಿದ ಹಿಟ್ಟನ್ನ ಯಾರಾದ್ರೂ ಒತ್ತುತಾರಾ? ಬಿಸೀಲೇ ಒತ್ತಬೇಕು! ಶಿವರಾತ್ರಿ ದಿನ ನಮ್ಮತ್ತೆ ಕಾಳು ಮುಟ್ತಿರ್ಲಿಲ್ಲ. ಬಾಳೆಕಾಯಿ ಶಾವಿಗೆ ಮಾಡ್ತಿದ್ರು. ಹಿತ್ತಲಲ್ಲಿ ಗೊನೆ ಐತಲ್ಲ, ನಾನು ತರ್ತೀನಿ. ವೇದಮ್ಮ, ಕೂವೆ ಹಿಟ್ಟು ಐತಾ?”

“ಇದೆ ಅಮ್ಮಾ, ಅದೂ ಗೆಡ್ಡೆಯದೇ ಅಲ್ವಾ, ಮಾಲೂಗೆ ಗಂಜಿಗೆ ಅಂತ ತಂದಿದ್ದು.”

ನಂಬಿದರೆ ನಂಬಿ, ಶನಿವಾರ ಬೆಳಗಾಗುವಷ್ಟರಲ್ಲಿ ಇಬ್ಬರೂ ಅಡುಗೆಮನೆಯಲ್ಲಿದ್ದರು. ಬೇಯಿಸಿದ ಬಾಳೆಕಾಯಿಯನ್ನು ಗಿರಿಜಾಂಬಾ ಬಿಸಿಬಿಸಿಯಲ್ಲೇ ರುಬ್ಬಿದರು. ವೇದಾ ಕೂವೆ ಹಿಟ್ಟು ಸೇರಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟಳು. ಬಿಲ್ಲೆಯನ್ನು ಒರಳಿಗೆ ಮತ್ತೆ ಕೂರಿಸಿ ಒಂದೊಂದೇ ಉಂಡೆ ತೆಗೆದು ಒತ್ತಿದರೆ, ಆಹಾ! ಉದ್ದುದ್ದ ಎಳೆ, ಒಂದಕ್ಕೊಂದು ಅಂಟಲಿಲ್ಲ, ಒಂದೂ ತುಂಡಾಗಲಿಲ್ಲ. ಟೊಮೆಟೊ, ಬೆಳ್ಳುಳ್ಳಿ ಹುರಿದು ಗೊಜ್ಜಿನ ಹಾಗೆ ಮಾಡಿ ಬೆರೆಸಿದಳು ವೇದಾ. ಪಾಸ್ತಾ ಎಂಬುದನ್ನು ಈ ಇಬ್ಬರೂ ಹುಟ್ಟಿದಾರಭ್ಯ ಕಣ್ಣಿಂದ ಕಂಡಿರಲಿಲ್ಲ! ನನ್ನ ಡಿಗ್ರಿಗಳನ್ನೆಲ್ಲ ತಂದು ಆ ಇಬ್ಬರ ಪಾದದ ಬಳಿ ಇಟ್ಟುಬಿಡೋಣ ಅನ್ನಿಸಿತು. ಅಡ್ಡ ಬರ್ತೀರಿ ಎಂದು ವೇದಾ ಗದರಿಸಿದ್ದರಿಂದ ಪೇಪರ್ ಹಿಡಿದು ವರಾಂಡಕ್ಕೆ ಹೋಗಿ ಕೂತೆ.

ಮಧ್ಯಾಹ್ನ ಮಾಲವಿಕಾ ಗೇಟಿನಿಂದಲೇ ಕೂಗುತ್ತಾ ಬಂದಳು. “ಅಮ್ಮಾ, ಎಲ್ಲಾರೂ ನನ್ನ ಡಬ್ಬೀನೇ ಕೇಳಿದ್ರು! ಅಕ್ಷತಾ ಅವಳದ್ದು ಬಿಟ್ಟು ನಂದೇ ತಿಂದ್ಲು!”

“ನಿಂಗೆ ಉಳೀತೇನೇ?”

“ಮೊದಲು ನಾನು ಹೊಟ್ಟೆ ತುಂಬ ತಿಂದೆ, ಆಮೇಲೇ ಕೊಟ್ಟಿದ್ದು. ನಾನೇನು ಪೆದ್ದೀನಾ?”

ವೇದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಈ ಹಾಳು ಚಪಲ ನೋಡಿ, ಕೇಳದೆ ಇರಲಾಗಲಿಲ್ಲ. “ಯಾರು ಮಾಡಿದ್ದು ಅಂತ ಕೇಳಿದ್ರೇನಮ್ಮಾ?”

“ಮಿಸ್ಸೇ ಬಂದು ಕೇಳಿದ್ರು. ಅಮ್ಮ, ಗಿರಿಜಾಂಬಾ ಅಜ್ಜಿ ಅಂದೆ.”

“ನನ್ನ ಹೆಸರು?”

“ಹೇಳ್ದೆ ಅಪ್ಪಾ! ನಮ್ಮಪ್ಪ ಪಾತ್ರೆ ಎಲ್ಲಾ ತೊಳೆದ್ರು, ದಿನಾ ಅವರೇ ತೊಳೆಯೋದು ಅಂದೆ. ಮಿಸ್ಸು ಎಲ್ಲಾರ ಕೈಲೂ ಚಪ್ಪಾಳೆ ಹೊಡೆಸಿದ್ರು!”

“ನಾನ್ಯಾವಾಗ ತೊಳೆದೆನೇ!”

“ನಂಗೊತ್ತು. ನಿನ್ನ ಹೆಸರು ಬಿಟ್ಟುಬಿಟ್ರೆ ಪಾಪ, ಬೇಜಾರು ಮಾಡ್ಕೋತೀಯ ಅಂತ ಸೇರಿಸ್ದೆ.”

ವೇದಾ ಒಳಗೆ ಹೋಗಿ, ತೆಂಗಿನ ನಾರು, ಸೋಪಿನ ಪುಡಿ ತಂದು ನನ್ನ ಕೈಗಿಟ್ಟಳು.

“ಮಗಳನ್ನ ಸುಳ್ಳುಗಾರ್ತಿ ಮಾಡ್ಬೇಡಿ. ಏಳಿ.”